‘ಪೂರ್ವರಂಗ’ ಶಬ್ದದ ಪೂರ್ವೋತ್ತರ

ಯಾವುದಾದರೊಂದು ದೊಡ್ಡ ಕಾರ್ಯವು ನಡೆಯುವುದಕ್ಕೆ ಮುಂಚೆ ಮಾಡತಕ್ಕ ಕೆಲಸಗಳನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಬಡತನವಿಲ್ಲ. ಸಿದ್ಧತೆ, ಏರ್ಪಾಡು, ಪೀಠಿಕೆ, ಉಪೋದ್ಘಾತ, ತಾಲೀಮು, ಪೂರ್ವಭಾವಿ ಸಭೆ ಎಂದು ಮೊದಲಾದ ಇವುಗಳಲ್ಲಿ ಒಂದೊಂದಕ್ಕೂ ಅದರದರ ಸ್ಥಳವುಂಟು. ಈಚಿನ ದಿನಗಳಲ್ಲಿ ಈ ಗುಂಪಿನೊಳಗೆ ‘ಪೂರ್ವರಂಗ’ವೆಂಬ ಶಬ್ದವೂ ಬಂದು ಸೇರಿಕೊಂಡಿರುತ್ತದೆ. ಸಮ್ಮೇಳನಕ್ಕೆ ಚಂದಾ ಎತ್ತುವುದು ಸಮ್ಮೇಳನದ ಪೂರ್ವರಂಗ. ಚುನಾವಣೆಗೆ ಮೊದಲು ಪಕ್ಷಗಳೊಳಗೆ ನಡೆಯುವ ಮಾತುಕತೆ ಚುನಾವಣೆಯ ಪೂರ್ವರಂಗ. ಗ್ರಂಥದ ಮೊದಲ ನಾಲ್ಕು ಪುಟ ಗ್ರಂಥದ ಪೂರ್ವರಂಗ. ಹೀಗೆ ಬರೆಯುವವರ ಮನಸ್ಸಿನಲ್ಲಿರುವ ಅರ್ಥವು ಸ್ಪಷ್ಟವಾಗಿಯೇ ಇದೆ. ಅಸಲು ಕಾರ್ಯ ಬೇರೆ, ಪೂರ್ವರಂಗ ಬೇರೆ. ಅದು ಬಾಗಿಲಿನ ಹೊರಗಿನ ಜಗುಲಿ. ಹೊತ್ತಿದ್ದರೆ ಕುಳಿತು ಹೋಗಬಹುದು, ಹೊತ್ತಿಲ್ಲದಿದ್ದರೆ ನೇರವಾಗಿ ಒಳಕ್ಕೆ ನಡೆಯಬಹುದು.

ಈ ಅರ್ಥವು ಎಲ್ಲಿಂದ ಬಂದಿತು, ಶಬ್ದದ ಮೂಲಕ್ಕೆ ಅದು ಒಪ್ಪುವುದೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಇದು ಬರಿಯ ಪಂಡಿತರ ಕಾಲಕ್ಷೇಪವೆಂದು ವಾಚಕ ಮಹಾಶಯರು ಭಾವಿಸಬಾರದು. ನಮ್ಮ ಕರಾವಳಿಯ ಬಯಲಾಟಗಳಲ್ಲಿ ಪೂರ್ವರಂಗವನ್ನು ಇಟ್ಟುಕೊಳ್ಳಬೇಕೆ, ತೆಗೆದುಹಾಕಬೇಕೆ ಎಂಬ ಪ್ರಶ್ನೆಯು ಕೆಲವು ದಶಕಗಳಿಂದ ಕೇಳಿಬರುತ್ತಲಿದೆ. ಬಹುಮಟ್ಟಿಗೆ ಗಡಿಯಾರವೇ ಅದಕ್ಕೆ ಉತ್ತರವನ್ನು ಹೇಳಿಬಿಟ್ಟಿದೆ. ಪೂರ್ವರಂಗವು ಆಟಕ್ಕೆ ಮುಂಚಿನದೋ ಆಟದ ಮೊದಲ ಭಾಗವೋ ಎಂಬುದು ನಿಶ್ಚಯವಾಗದೆ ಆ ಉತ್ತರವು ಸರಿಯೋ ತಪ್ಪೋ ಎಂದು ಹೇಳುವಂತಿಲ್ಲ.

ಮೊದಲು ಶಬ್ದವನ್ನು ಬಿಡಿಸಿ ನೋಡೋಣ. ‘ರಂಗ’ವೆಂಬುದು ರಂಜಿಸುವ ಧಾತುವಿನಿಂದ ಹುಟ್ಟಿದ್ದು; ಬಣ್ಣವೂ ಹೌದು, ಮನಸ್ಸಿಗೆ ಬಣ್ಣವೇರುವ ಸ್ಥಳವೂ ಹೌದು. ತೊಡಕಿರುವುದು ‘ಪೂರ್ವ’ದಲ್ಲಿ. ಸಂಸ್ಕೃತದಲ್ಲಿ ಈ ಪದವು ಸಮಾಸದ ಆದಿಯಲ್ಲಿ ನಿಂತಾಗ ‘ಅದಕ್ಕಿಂತ ಮುಂಚಿನದು’ ಎಂದೇ ಅರ್ಥವಾಗಬೇಕೆಂಬ ನಿಯಮವಿಲ್ಲ. ‘ಪೂರ್ವಾಹ್ಣ’ವೆಂದರೆ ಹಗಲಿಗಿಂತ ಮುಂಚಿನ ಕಾಲವಲ್ಲ, ಹಗಲಿನ ಮೊದಲ ಭಾಗ. ‘ಪೂರ್ವರಾತ್ರ’ವೆಂದರೆ ಸಾಯಂಕಾಲವಲ್ಲ, ರಾತ್ರಿಯ ಮೊದಲ ಭಾಗ. ‘ಪೂರ್ವಕಾಯ’ವು ಶರೀರದ ಹೊರಗಿಲ್ಲ, ಶರೀರದ ಮುಂಭಾಗವೇ ಆಗಿದೆ. ಇಡಿಯ ವಸ್ತುವಿನ ಒಂದು ಅಂಶವನ್ನು ಹೇಳುವ ಇಂಥ ಸಮಾಸಗಳಿಗೆಂದೇ ಪಾಣಿನಿಯು ಒಂದು ಸೂತ್ರವನ್ನು ಕಟ್ಟಿಟ್ಟಿರುವನು. ಪೂರ್ವರಂಗವನ್ನು ಈ ಸಾಲಿಗೇ ಸೇರಿಸಬೇಕೆಂದು ವ್ಯಾಕರಣವು ಬಲಾತ್ಕರಿಸುವುದಿಲ್ಲವಾದರೂ ಭರತಮುನಿಯು ಹೇಳುವ ನಿರ್ವಚನವು ಇದರ ಪಕ್ಕಕ್ಕೇ ವಾಲುತ್ತದೆ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ವರಂಗವಿಧಾನಕ್ಕೆ ಮೀಸಲಾಗಿರುವುದು. ರಂಗದಲ್ಲಿ ಈ ಪ್ರಯೋಗವು ಮೊದಲಿಗೇ ಪ್ರಯೋಗಿಸಲ್ಪಡುವುದರಿಂದ ಇದಕ್ಕೆ ಪೂರ್ವರಂಗವೆಂಬ ಹೆಸರು ಬಂದಿತೆಂಬುದು ಅಲ್ಲಿನ ತಾತ್ಪರ್ಯ. ‘ರಂಗದಲ್ಲಿ’ ಮತ್ತು ‘ಪ್ರಯೋಗ’ ಎಂಬ ಎರಡು ಮಾತುಗಳನ್ನು ಓದುಗರು ಗಮನಿಸಬೇಕು. ಮನೆಯಲ್ಲಿ ಕುಳಿತು ಪಾಠ ಒಪ್ಪಿಸಿಕೊಳ್ಳುವುದು ಪೂರ್ವರಂಗವಲ್ಲ, ತಾಲೀಮು ಪೂರ್ವರಂಗವಲ್ಲ, ಚಂದಾ ಎತ್ತುವುದಂತೂ ಅಲ್ಲವೇ ಅಲ್ಲ. ಸಭೆಯು ಕೂಡಿದ ಮೇಲೆ ರಂಗದಲ್ಲಿ ನಡೆಯುವುದು ಮಾತ್ರ ಪೂರ್ವರಂಗ.

ಭರತನು ಇದಕ್ಕೆ ಹೇಳುವ ಅಂಗಗಳು ಒಟ್ಟು 19. ಅವುಗಳಲ್ಲಿ 9 ಯವನಿಕೆಯ, ಎಂದರೆ ತೆರೆಯ, ಒಳಗೆ. 10 ತೆರೆ ಸರಿದ ಮೇಲೆ. ಒಳಗಿನ ಒಂಬತ್ತರ ಹೆಸರುಗಳನ್ನು ಕೇಳಿ ಹೆದರಬೇಕಾದುದಿಲ್ಲ. ಹಾಡುಗಾರಿಕೆಯ ಕಚೇರಿಗೆ ಹೊತ್ತಿಗೆ ಮುಂಚೆ ಹೋಗಿ ಕುಳಿತವರಿಗೆ ಇವೆಲ್ಲ ಪರಿಚಯದವೇ. ವಾದ್ಯಗಳನ್ನು ಅವುಗಳ ಸ್ಥಾನದಲ್ಲಿ ಇರಿಸುವುದು ಪ್ರತ್ಯಾಹಾರ. ಗಾಯಕರು ಬಂದು ಕುಳಿತುಕೊಳ್ಳುವುದು ಅವತರಣ. ಕಂಠವನ್ನು ಎಬ್ಬಿಸುವುದು ಆರಂಭ. ವಾದ್ಯಗಳ ಶ್ರುತಿಗೂಡಿಸುವುದು ಆಶ್ರಾವಣ. ತಂತಿಯನ್ನು ಹದಮಾಡುವುದು ಪರಿಘಟ್ಟನಾ. ಮದ್ದಳೆಯ ಮೇಲೆ ಕೈಗಳ ಹೊಡೆತವನ್ನು ಒಪ್ಪಮಾಡಿಕೊಳ್ಳುವುದು ಸಂಘೋಟನಾ. ತಂತಿವಾದ್ಯವೂ ಚರ್ಮವಾದ್ಯವೂ ಕೂಡಿ ನುಡಿಯುವುದು ಮಾರ್ಗಾಸಾರಿತ. ಇಷ್ಟನ್ನು ಇಂದಿನ ಯಾವ ಗಾಯಕನೂ ತನ್ನ ಕಚೇರಿಯ ಭಾಗವೆಂದು ಎಣಿಸುವುದಿಲ್ಲ; ತಂಬೂರಿಯ ಶ್ರುತಿ ಕೂಡುವವರೆಗೆ ಸಭೆಯಲ್ಲಿ ಎಲ್ಲರೂ ಮಾತನಾಡುತ್ತಲೇ ಇರುವರು. ಭರತನು ಮಾತ್ರ ಇವುಗಳಿಗೆ ಒಂದೊಂದು ಹೆಸರನ್ನೂ, ಒಂದೊಂದರಿಂದ ತೃಪ್ತಿಹೊಂದುವ ದೇವಗಣವನ್ನೂ ಹೇಳಿರುವನು. ಅವತರಣದಿಂದ ಅಪ್ಸರೆಯರು, ಆರಂಭದಿಂದ ಗಂಧರ್ವರು, ಆಶ್ರಾವಣದಿಂದ ದೈತ್ಯರು ಹೀಗೆ. ದೇವತೆಗಳು ಮಾತ್ರವಲ್ಲದೆ ದೈತ್ಯ ದಾನವ ಯಕ್ಷರೂ ತೃಪ್ತಿಹೊಂದುವರೆಂಬುದು ಇಲ್ಲಿನ ವಿಶೇಷ.

ಈ ವಿಷಯದಲ್ಲಿ ಅದೇ ಅಧ್ಯಾಯದಲ್ಲಿ ಒಂದು ರಮಣೀಯವಾದ ಕಥೆಯಿದೆ. ನಾರದಾದಿ ಗಂಧರ್ವರು ದೇವದಾನವರ ಸಭೆಯಲ್ಲಿ ‘ನಿರ್ಗೀತ’ವನ್ನು, ಎಂದರೆ ಅರ್ಥವುಳ್ಳ ಸಾಹಿತ್ಯವಿಲ್ಲದೆ ಬರಿಯ ವಾದ್ಯಾಕ್ಷರಗಳಿಂದಾದ ಸಂಗೀತವನ್ನು, ಕೇಳಿಸಿದರು. ದೈತ್ಯರು ಅದನ್ನು ಬಹುವಾಗಿ ಮೆಚ್ಚಿ, ನಮಗೆ ಇದೇ ಸಾಕು ಎಂದರು. ದೇವತೆಗಳಿಗೆ ಇದು ಸಹನವಾಗಲಿಲ್ಲ; ದೈತ್ಯರು ಮೆಚ್ಚಿದ್ದನ್ನು ನಿಲ್ಲಿಸಿಬಿಡಬೇಕೆಂದು ನಾರದನಲ್ಲಿಗೆ ಹೋದರು. ನಾರದನು ಒಪ್ಪಲಿಲ್ಲ. ನಿರ್ಗೀತವು ನಾಶವಾಗಕೂಡದು, ದೈತ್ಯರು ಅದನ್ನು ನಿರ್ಗೀತವೆಂದು ಕರೆಯಲಿ, ನಿಮ್ಮ ಗೌರವಕ್ಕಾಗಿ ಅದಕ್ಕೆ ‘ಬಹಿರ್ಗೀತ’ವೆಂದು ಹೆಸರಿಡೋಣ ಎಂದು ಸಮಾಧಾನಮಾಡಿದನು. ಕಲಹಪ್ರಿಯನೆಂದು ಹೆಸರಾದ ಮುನಿಯು ಇಲ್ಲಿ ಹೆಸರೊಂದನ್ನು ಬದಲಿಸಿ ವಸ್ತುವನ್ನು ಉಳಿಸಿದನು. ನೋಟಕರಲ್ಲಿ ಒಂದು ಪಂಗಡಕ್ಕೆ ರುಚಿಸದೆಂದ ಮಾತ್ರಕ್ಕೆ ಅಂಗವೊಂದನ್ನು ಕತ್ತರಿಸಬೇಕೆ ಎಂಬ ಚರ್ಚೆಯು ನಮ್ಮ ಕಾಲದ್ದಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ.

ತೆರೆ ಸರಿದ ಮೇಲೆ ದೇವತಾಸ್ತುತಿಯ ಗೀತವೂ, ಅದರ ಹಿಂದೆ ‘ಉತ್ಥಾಪನ’ವೂ ಬರುವವು. ನಾಂದಿಪಾಠಕರು ಪ್ರಯೋಗವನ್ನು ಮೇಲಕ್ಕೆ ಎತ್ತಿ ನಿಲ್ಲಿಸುವುದರಿಂದ ಅದಕ್ಕೆ ಆ ಹೆಸರು. ಆಮೇಲೆ ಸೂತ್ರಧಾರನು ಅಂಜಲಿಯಲ್ಲಿ ಬಿಳಿಯ ಹೂಗಳನ್ನು ಹಿಡಿದು, ಇಕ್ಕೆಲದಲ್ಲಿ ಇಬ್ಬರು ಪಾರಿಪಾರ್ಶ್ವಿಕರೊಡನೆ ಬರುವನು. ಅವರಲ್ಲಿ ಒಬ್ಬನ ಕೈಯಲ್ಲಿ ನೀರಿನ ಗಿಂಡಿ, ಮತ್ತೊಬ್ಬನ ಕೈಯಲ್ಲಿ ‘ಜರ್ಜರ’. ಈ ಜರ್ಜರವೆಂಬುದು ಐದು ಪರ್ವಗಳ ಬಿದಿರಿನ ದಂಡ. ಇಂದ್ರಧ್ವಜದ ಉತ್ಸವದಲ್ಲಿ ಮೊಟ್ಟಮೊದಲ ನಾಟಕವನ್ನಾಡುತ್ತಿದ್ದಾಗ, ದೇವತೆಗಳ ಜಯವನ್ನು ಕಂಡು ಸಿಟ್ಟಾದ ಅಸುರರು ವಿಘ್ನಗಳನ್ನು ಕೂಡಿಕೊಂಡು ನಟರ ಮಾತು, ಚೇಷ್ಟೆ, ಸ್ಮೃತಿ ಮೂರನ್ನೂ ಸ್ತಂಭನಮಾಡಿದರಂತೆ. ಮಾತು ಮರೆತು ನಿಂತ ನಟನ ಅವಸ್ಥೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿಲ್ಲ. ಇಂದ್ರನು ಎದ್ದು ಧ್ವಜದಂಡದಿಂದ ಅವರ ಮೈಗಳನ್ನು ಜರ್ಜರಗೊಳಿಸಿದ್ದರಿಂದ ದಂಡಕ್ಕೂ ಅದೇ ಹೆಸರಾಯಿತು. ಮುಂದೆ ‘ಪರಿವರ್ತನ’ದಲ್ಲಿ ದಿಕ್ಪಾಲಕರಿಗೆ ವಂದನೆ, ‘ನಾಂದಿ’ಯಲ್ಲಿ ದೇವ ದ್ವಿಜ ನೃಪರಿಗೆ ಆಶೀರ್ವಾದ. ಅನಂತರದ ‘ರಂಗದ್ವಾರ’ದಲ್ಲಿ ಮಾತಿನ ಮತ್ತು ಅಂಗದ ಅಭಿನಯವು ಮೊದಲ ಬಾರಿಗೆ ಇಳಿದುಬರುತ್ತದೆ. ‘ಚಾರಿ’ಯಲ್ಲಿ ಶೃಂಗಾರದ ನಡೆ, ‘ಮಹಾಚಾರಿ’ಯಲ್ಲಿ ರೌದ್ರದ ನಡೆ. ‘ತ್ರಿಗತ’ದಲ್ಲಿ ವಿದೂಷಕನು ಸಂಬಂಧವಿಲ್ಲದ ಮಾತುಗಳನ್ನಾಡಿ ಸೂತ್ರಧಾರನನ್ನು ನಗಿಸುವನು. ಕೊನೆಯ ‘ಪ್ರರೋಚನೆ’ಯಲ್ಲಿ ಆಡಲಿರುವ ಕಾವ್ಯದ ಸೂಚನೆ.

ಇಷ್ಟನ್ನು ನೋಡಿದ ಮೇಲೆ ನನಗೆ ತೋರುವುದೇನೆಂದರೆ, ಇದು ದೇವರಿಗೆ ಕೈಮುಗಿದು ಆಟಕ್ಕೆ ಇಳಿಯುವ ಬರಿಯ ಶಿಷ್ಟಾಚಾರವಲ್ಲ. ಇಲ್ಲಿ ಮೊದಲು ನಾದ ಹುಟ್ಟುತ್ತದೆ. ನಾದಕ್ಕೆ ತಾಳ, ತಾಳಕ್ಕೆ ಹೆಜ್ಜೆ, ಹೆಜ್ಜೆಗೆ ಅಭಿನಯ, ಅಭಿನಯಕ್ಕೆ ಮಾತು, ಮಾತಿಗೆ ಹಾಸ್ಯ, ಆಮೇಲೆ ಕಥೆ. ನಾಟಕವೆಂಬ ವಸ್ತುವು ನೋಟಕರ ಕಣ್ಣೆದುರಿಗೇ ಅಂಗಾಂಗವಾಗಿ ಕೂಡಿಕೊಳ್ಳುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಶಿವನು ತ್ರಿಪುರದಾಹದ ಪ್ರಯೋಗವನ್ನು ನೋಡಿ ಸಂತೋಷಪಟ್ಟು, ತನ್ನ ತಾಂಡವದ ಕರಣ ಅಂಗಹಾರಗಳನ್ನು ಪೂರ್ವರಂಗಕ್ಕೆ ಸೇರಿಸಿಕೊಳ್ಳಿರೆಂದು ಹೇಳುವನು. ಹಾಗೆ ಸೇರಿದ್ದು ‘ಚಿತ್ರ’ ಪೂರ್ವರಂಗ, ಸೇರದ್ದು ‘ಶುದ್ಧ’. ಪರಮೇಶ್ವರನ ನೃತ್ಯಕ್ಕೆ ನಾಟ್ಯದಲ್ಲಿ ದೊರೆತ ಸ್ಥಳವು ಪೂರ್ವರಂಗವೆಂಬುದನ್ನು ಮರೆಯುವಂತಿಲ್ಲ.

ಆದರೆ ಅದೇ ಭರತನು ಮತ್ತೊಂದು ಮಾತನ್ನೂ ಹೇಳಿರುವನು. ಪೂರ್ವರಂಗದ ಪಕ್ಷಪಾತಿಗಳು ಇದನ್ನು ಸಾಮಾನ್ಯವಾಗಿ ಉದಾಹರಿಸುವುದಿಲ್ಲ. ಪೂರ್ವರಂಗದಲ್ಲಿ ಗೀತ ವಾದ್ಯ ನೃತ್ತಗಳನ್ನು ಅತಿಯಾಗಿ ಬೆಳೆಸಬಾರದು. ಬೆಳೆಸಿದರೆ ಪ್ರಯೋಗಮಾಡುವವರಿಗೂ ನೋಡುವವರಿಗೂ ಬೇಸರ ಹುಟ್ಟುವುದು. ಬೇಸತ್ತವರಿಗೆ ರಸಭಾವಗಳು ಸ್ಪಷ್ಟವಾಗವು. ಆಗ ಉಳಿದ ಪ್ರಯೋಗವು ರಂಜಿಸಲಾರದು ಎಂಬುದು ಆ ಮಾತಿನ ಸಾರ. ಎಷ್ಟು ಲೌಕಿಕವಾದ ವಿವೇಕ! ಇಲ್ಲಿಯೂ ‘ಉಳಿದ ಪ್ರಯೋಗ’ವೆಂಬ ಮಾತನ್ನು ಗಮನಿಸಬೇಕು. ಪೂರ್ವರಂಗವು ಪ್ರಯೋಗದ ಹೊರಗಿನದಾಗಿದ್ದರೆ ‘ಪ್ರಯೋಗ’ವೆಂದು ಹೇಳಿದ್ದರೆ ಸಾಕಾಗಿತ್ತು, ‘ಉಳಿದ’ ಎಂಬ ವಿಶೇಷಣಕ್ಕೆ ಕೆಲಸವಿರುತ್ತಿರಲಿಲ್ಲ.

ಹಾಗಿದ್ದರೆ ಅದು ಬಿಡಬಹುದಾದ ವಸ್ತುವೆಂಬ ಭಾವನೆ ಯಾವಾಗ ಹುಟ್ಟಿತು? ಇದಕ್ಕೆ ಕಾಲನಿರ್ಣಯಮಾಡುವುದು ಸುಲಭವಲ್ಲವಾದರೂ ಜಾಡನ್ನು ಹಿಡಿಯಬಹುದು. 1912ರಿಂದ ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ, ಭಾಸನವೆಂದು ಹೇಳಲಾಗುವ 13 ರೂಪಕಗಳಲ್ಲಿ ಪುಸ್ತಕವು ತೆರೆದೊಡನೆಯೇ ನಾಂದಿಯು ಮುಗಿದು ಸೂತ್ರಧಾರನು ಬರುವ ಸೂಚನೆಯಿದೆ, ಶ್ಲೋಕವು ಆಮೇಲೆ. ಎಂದರೆ ನಾಂದಿಯು ಕವಿಯು ಬರೆಯಬೇಕಾದದ್ದಲ್ಲ, ನಟರ ಸ್ವತ್ತು. ಅದು ನಡೆದೇ ನಡೆಯುವುದೆಂಬ ಭರವಸೆಯಿಂದ ಕವಿಯು ಅದರ ಮುಂದಿನಿಂದ ಲೇಖನಿ ಹಿಡಿದಿರುವನು. ಏಳನೆಯ ಶತಮಾನದ ಬಾಣನು ಭಾಸನ ನಾಟಕಗಳು ಸೂತ್ರಧಾರನಿಂದ ಆರಂಭವಾಗುವುವೆಂದು ಹೇಳಿರುವುದು ಇದಕ್ಕೆ ಒಪ್ಪುತ್ತದೆ. ಹತ್ತನೆಯ ಶತಮಾನದಲ್ಲಿ ಮುಂಜರಾಜನ ಆಸ್ಥಾನದ ಧನಂಜಯನು ದಶರೂಪಕದಲ್ಲಿ, ಪೂರ್ವರಂಗವನ್ನು ಮುಗಿಸಿ ಸೂತ್ರಧಾರನು ಹೊರಟುಹೋದ ಮೇಲೆ ಅವನಂತೆಯೇ ಇರುವ ಬೇರೊಬ್ಬ ನಟನು ಬಂದು ಕಾವ್ಯವನ್ನು ಸ್ಥಾಪಿಸಬೇಕೆಂದು ವಿಧಿಸುವನು. ವಿಧಿಯೇನೋ ಉಳಿದಿದೆ, ಭರತನ ಅಂಗಗಳ ವಿಸ್ತಾರವು ಮಾತ್ರ ಅಲ್ಲಿಲ್ಲ.

ಹದಿನಾಲ್ಕನೆಯ ಶತಮಾನದ ವಿಶ್ವನಾಥ ಕವಿರಾಜನ ಸಾಹಿತ್ಯದರ್ಪಣಕ್ಕೆ ಬಂದಾಗ ಚಿತ್ರವು ಪೂರ್ತಿ ಬದಲಾಗಿದೆ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಪೂರ್ವರಂಗವೆಂದರೆ ಮೊದಲು ನೆನಪಾಗುವುದು ಅವನು ಮಾಡಿದ ಲಕ್ಷಣವೇ. ನಾಟ್ಯವಸ್ತುವಿಗೆ ಮುಂಚೆ, ರಂಗದ ವಿಘ್ನಗಳು ಶಾಂತವಾಗುವುದಕ್ಕಾಗಿ, ಕುಶೀಲವರು ಮಾಡುವುದು ಪೂರ್ವರಂಗವೆಂದು ಅವನ ಮತ. ಭರತನ ‘ರಂಗದಲ್ಲಿ ಮೊದಲು’ ಎಂಬುದು ಇಲ್ಲಿ ‘ನಾಟ್ಯವಸ್ತುವಿಗೆ ಮುಂಚೆ’ ಎಂದಾಯಿತು. ಅನೇಕ ಪ್ರಯೋಜನಗಳಿದ್ದದ್ದು ವಿಘ್ನಶಾಂತಿಯೊಂದೇ ಆಯಿತು. ವಿಘ್ನಶಾಂತಿಯೊಂದೇ ಪ್ರಯೋಜನವಾದ ಮೇಲೆ 19 ಅಂಗಗಳೇಕೆ, ಒಂದು ಶ್ಲೋಕ ಸಾಲದೆ? ವಿಶ್ವನಾಥನೂ ನಾಂದಿಯೊಂದನ್ನು ಅವಶ್ಯವಾಗಿ ಮಾಡಬೇಕೆನ್ನುವನು. ಅವನು ತನ್ನ ಕಾಲದ ಸ್ಥಿತಿಯನ್ನೂ ಮುಚ್ಚಿಡದೆ ಹೇಳಿರುವನು: ಈಗ ಪೂರ್ವರಂಗದ ಸರಿಯಾದ ಪ್ರಯೋಗವಿಲ್ಲದೆ ಇರುವುದರಿಂದ ಸೂತ್ರಧಾರನೊಬ್ಬನೇ ಎಲ್ಲವನ್ನೂ ನಡೆಸಿಬಿಡುವ ವಾಡಿಕೆಯಾಗಿದೆಯೆಂದು. ವಿಕ್ರಮೋರ್ವಶೀಯದ ಮೊದಲ ಶ್ಲೋಕವು ನಾಂದಿಯಲ್ಲ, ಹಳೆಯ ಪುಸ್ತಕಗಳಲ್ಲಿ ಅದು ನಾಂದಿಯು ಮುಗಿದ ಸೂಚನೆಯ ತರುವಾಯವೇ ಕಾಣುತ್ತದೆಯೆಂಬ ವಾದವನ್ನೂ ಅವನು ಎತ್ತಿರುವನು. ನಟರ ನಾಂದಿಯು ರಂಗದಿಂದ ಮಾಯವಾದಾಗ ಓದುವವರು ಕವಿಯ ಶ್ಲೋಕವನ್ನೇ ನಾಂದಿಯೆಂದು ತಿಳಿದರು. ಲಿಪಿಕಾರರು ಅದನ್ನು ಸೂಚನೆಗಿಂತ ಮೇಲಕ್ಕೆ ಏರಿಸಿದರು. ಪ್ರಯೋಗವು ಸಾಯುವುದಕ್ಕೂ ಶಬ್ದದ ಅರ್ಥವು ಸರಿಯುವುದಕ್ಕೂ ಇರುವ ಸಂಬಂಧವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಕಾವ್ಯ ಶಾಸ್ತ್ರಗಳಲ್ಲಿ ಇದು ಉಪಮಾನವಾಗಿಯೂ ಬಂದಿದೆ. ಶಿಶುಪಾಲವಧದ ಎರಡನೆಯ ಸರ್ಗದ ಮಂತ್ರಾಲೋಚನೆಯಲ್ಲಿ ಶ್ರೀಕೃಷ್ಣನು ತನ್ನ ಮಾತು ಬಲರಾಮ ಉದ್ಧವರ ಮಾತಿಗೆ ಅವಕಾಶಮಾಡಿಕೊಡುವ ಪೂರ್ವರಂಗ ಮಾತ್ರವೆಂದು ವಿನಯದಿಂದ ಹೇಳುವನು. ಇಲ್ಲಿ ಅದು ಮುಂದಿನದಕ್ಕೆ ದಾರಿ ಬಿಡುವ ವಸ್ತು. ಇದಕ್ಕಿಂತ ಗಂಭೀರವಾದ ಬಳಕೆಯು ಜೈನರಲ್ಲಿದೆ. ಕುಂದಕುಂದಾಚಾರ್ಯರ ಸಮಯಸಾರಕ್ಕೆ ಆತ್ಮಖ್ಯಾತಿಯೆಂಬ ವ್ಯಾಖ್ಯಾನವನ್ನು ಬರೆದ ಅಮೃತಚಂದ್ರರು ಇಡಿಯ ಗ್ರಂಥವನ್ನು ಒಂದು ನಾಟಕವಾಗಿ ಕಂಡರು. ಜೀವ ಅಜೀವಗಳು ಪಾತ್ರಗಳಂತೆ ರಂಗವನ್ನು ಪ್ರವೇಶಿಸುವುವು. ಅದಕ್ಕೆ ಮೊದಲಿನ 38 ಗಾಹೆಗಳಿಗೆ ಅವರು ಪೂರ್ವರಂಗವೆಂದೇ ಹೆಸರಿಟ್ಟರು. ಆ 38ನ್ನು ಬಿಟ್ಟು ಸಮಯಸಾರವನ್ನು ಓದಬಹುದೆಂದು ಯಾವ ಶ್ರಾವಕನೂ ಹೇಳಲಾರನು. ಶುದ್ಧಾತ್ಮನ ಸ್ವರೂಪವನ್ನು ಹೇಳಿರುವುದು ಅಲ್ಲಿಯೇ. ಹೀಗೆ ಒಂದೇ ಶಬ್ದವು ಒಬ್ಬರಲ್ಲಿ ವಿನಯದ ಮಾತಾಗಿಯೂ ಮತ್ತೊಬ್ಬರಲ್ಲಿ ಗ್ರಂಥದ ಅಸ್ತಿಭಾರವಾಗಿಯೂ ನಿಂತಿದೆ.

ಪೂರ್ವರಂಗದ ಅಂಗಗಳಲ್ಲಿ ನಮ್ಮ ಆಡುನುಡಿಗೆ ಇಳಿದದ್ದು ನಾಂದಿಯೊಂದೇ. ಅದಕ್ಕೆ ಒದಗಿದ ಗತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆನಂದಪಡಿಸುವುದೆಂಬ ಧಾತುವಿನಿಂದ ಹುಟ್ಟಿದ ಶಬ್ದವಿದು. ವರ್ತಮಾನಪತ್ರಗಳಲ್ಲಿ ಈಗ ಜಗಳಕ್ಕೆ ನಾಂದಿ, ಯುದ್ಧಕ್ಕೆ ನಾಂದಿ, ಅವನತಿಗೆ ನಾಂದಿ! ಅದಿರಲಿ. ಮದುವೆ ಮುಂಜಿಗಳ ನಾಂದಿಯು ನಮ್ಮ ವಿಚಾರಕ್ಕೆ ಬಹಳ ಹತ್ತಿರವಾದದ್ದು. ಕಾರ್ಯವು ಆರಂಭವಾದ ಮೇಲೆ ಸೂತಕವು ತಟ್ಟುವುದಿಲ್ಲ, ಆರಂಭಕ್ಕೆ ಮೊದಲು ತಟ್ಟುತ್ತದೆ ಎಂಬುದು ಧರ್ಮಶಾಸ್ತ್ರದ ನಿರ್ಣಯ. ಆರಂಭವೆಂದರೆ ಯಾವುದು? ಯಜ್ಞದಲ್ಲಿ ಋತ್ವಿಕ್ಕುಗಳ ವರಣ, ವ್ರತದಲ್ಲಿ ಸಂಕಲ್ಪ, ವಿವಾಹಾದಿಗಳಲ್ಲಿ ನಾಂದಿ. ಧಾರೆಯಾಗಿಲ್ಲ, ತಾಳಿ ಕಟ್ಟಿಲ್ಲ. ಆದರೂ ನಾಂದಿಯಾಯಿತೆಂದರೆ ಮದುವೆಯು ಆರಂಭವಾಯಿತು, ಇನ್ನು ನಿಲ್ಲಿಸಬೇಕಾದುದಿಲ್ಲ. ನಮ್ಮ ಮನೆಗಳ ಹೆಂಗಸರಿಗೆ ಶಾಸ್ತ್ರವಚನವು ಬಾರದಿದ್ದರೂ ಈ ನ್ಯಾಯವು ಚೆನ್ನಾಗಿ ಗೊತ್ತು. ಹೊರಗಿನವರ ಕಣ್ಣಿಗೆ ಕಾರ್ಯದ ಮುಂಚಿನ ಸಿದ್ಧತೆಯಾಗಿ ಕಾಣುವುದು ಒಳಗಿನವರ ಲೆಕ್ಕದಲ್ಲಿ ಕಾರ್ಯದ ಆರಂಭವೇ ಆಗಿದೆ.

ಪೂರ್ವರಂಗವೆಂಬ ಹೆಸರು ಹಳೆಯ ಅರ್ಥದೊಡನೆ ಇಂದಿಗೂ ಬದುಕಿರುವ ಒಂದು ಕಲೆಯೆಂದರೆ ಮಹಾರಾಷ್ಟ್ರದ ನಾರದೀಯ ಕೀರ್ತನ. ಅಲ್ಲಿ ಅಭಂಗವನ್ನೋ ಪದವನ್ನೋ ಹಿಡಿದು ತತ್ತ್ವವನ್ನು ನಿರೂಪಿಸುವ ಮೊದಲರ್ಧಕ್ಕೆ ಪೂರ್ವರಂಗವೆಂದೂ, ಅದನ್ನು ಸಮರ್ಥಿಸುವ ಆಖ್ಯಾನಕ್ಕೆ ಉತ್ತರರಂಗವೆಂದೂ ಹೆಸರು. ನಡುವೆ ನಾಮಸ್ಮರಣೆಯು ನಡೆಯುವಾಗ ಕೀರ್ತನಕಾರರಿಗೆ ಬುಕ್ಕಿಟ್ಟನ್ನು ಹಚ್ಚಿ ಮಾಲೆ ಹಾಕುವರು. ಉತ್ತರವಿರುವುದರಿಂದಲೇ ಪೂರ್ವವು ಪೂರ್ವವಾಯಿತು. ಪೂರ್ವಾಹ್ಣ ಅಪರಾಹ್ಣಗಳಂತೆ ಇವೆರಡೂ ಒಂದೇ ವಸ್ತುವಿನ ಎರಡು ಭಾಗಗಳು. ಕಥೆಯನ್ನಷ್ಟೇ ಕೇಳಲು ತಡವಾಗಿ ಬರುವವರು ಅಲ್ಲಿಯೂ ಇದ್ದಾರೆ. ಆದರೆ ಪೂರ್ವರಂಗವನ್ನು ಬಿಟ್ಟು ಕಥೆಗಿಳಿಯುವವನನ್ನು ಅಲ್ಲಿ ಯಾರೂ ಕೀರ್ತನಕಾರನೆನ್ನುವುದಿಲ್ಲ.

ಇನ್ನು ನಮ್ಮ ಯಕ್ಷಗಾನ. ಅದರ ಪೂರ್ವರಂಗದ ಹಾಡುಗಳಿಗೆ ‘ಸಭಾಲಕ್ಷಣ’ವೆಂಬ ಪುಸ್ತಕವೇ ಉಂಟು. ಸಂಜೆಗೆ ಬಯಲಿನಲ್ಲಿ ಚೆಂಡೆ ಮದ್ದಳೆಗಳ ಕೇಳಿ ಹೊಡೆಯುವುದು ಅದರ ಮೊದಲ ಅಂಗ. ಆ ಶಬ್ದವು ಗದ್ದೆ ತೋಟಗಳನ್ನು ದಾಟಿ ಊರೂರಿಗೆ ಹೋಗಿ, ಇಂದು ಇಲ್ಲಿ ಆಟವುಂಟೆಂದು ಹೇಳುವುದು. ಕರಪತ್ರವೂ ಧ್ವನಿವರ್ಧಕವೂ ಇಲ್ಲದಿದ್ದ ಕಾಲದ ಪ್ರರೋಚನೆಯಿದು. ಮುಂದೆ ಚೌಕಿಯಲ್ಲಿ ಗಣಪತಿಯ ಪೂಜೆ. ಭಾಗವತನು ರಂಗಸ್ಥಳಕ್ಕೆ ಬಂದು ಗಣಪತಿಸ್ತುತಿಯನ್ನು ಹಾಡುವನು. ಆಗ ಕೋಡಂಗಿಗಳು ಬರುವರು. ಕಿರೀಟವಿಲ್ಲ, ಆಭರಣಗಳ ಭಾರವಿಲ್ಲ. ಹೊಸತಾಗಿ ಮೇಳ ಸೇರಿದ ಹುಡುಗರು ತಾಳಕ್ಕೆ ಹೆಜ್ಜೆ ಕೂಡಿಸುವುದನ್ನು ಕಲಿಯುವ ವೇಷವದು. ಆಡುನುಡಿಯಲ್ಲಿ ಕೋಡಂಗಿಯೆಂಬುದು ಬೈಗುಳವಾಗಿಹೋದುದರಿಂದ ಈ ಹುಡುಗರನ್ನು ನೋಡಿ ನಗುವವರೇ ಹೆಚ್ಚು. ಕೋಡಂಗಿಯಿಂದ ಮೇಲೆ ಬಂದವನು ಬಾಲಗೋಪಾಲನಾಗುವನು, ಆಮೇಲೆ ಸ್ತ್ರೀವೇಷ. ತೆಂಕುತಿಟ್ಟಿನಲ್ಲಿ ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ ಮೊದಲಾದ ವೇಷಗಳೂ ಉಂಟು. ನಡುವೆ ಹಾಸ್ಯಗಾರನಿಗೂ ಭಾಗವತನಿಗೂ ಸಂವಾದ. ಆ ಹೊತ್ತಿಗೆ ಹಾಡುವವನೂ ಮೇಳದ ಮುಖ್ಯ ಭಾಗವತನಲ್ಲ. ತೆಂಕಿನಲ್ಲಿ ಅವನಿಗೆ ‘ಸಂಗೀತಗಾರ’ನೆಂದು ಬೇರೆ ಹೆಸರು. ಕಲಿಯುವವನೇ ಮದ್ದಳೆಗೂ ಕೈಯಿಡುವನು.

ಭರತನ ಅಂಗಗಳೊಡನೆ ಇವನ್ನು ಎದುರುಬದುರಾಗಿಟ್ಟು, ಚೌಕಿಪೂಜೆಯೇ ಅಂತರ್ಯವನಿಕೆ, ಸ್ತ್ರೀವೇಷವೇ ಚಾರಿ, ಹಾಸ್ಯವೇ ತ್ರಿಗತ ಎಂದು ಗಂಟುಹಾಕುವವರುಂಟು. ಹೋಲಿಕೆಯು ಮನೋಹರವಾಗಿದ್ದರೂ, ಅಷ್ಟರಿಂದಲೇ ಒಂದರಿಂದ ಮತ್ತೊಂದು ಹುಟ್ಟಿತೆನ್ನುವುದು ಸಾಹಸವೆಂದು ನನ್ನ ಅಭಿಪ್ರಾಯ. ಜನರು ಕೂಡಿ ಆಡುವ ಆಟವೆಲ್ಲಕ್ಕೂ ಇಂಥದೊಂದು ಮೊದಲು ಬೇಕಾಗುತ್ತದೆ. ಪಕ್ಕದ ಕೇರಳದ ಕಥಕಳಿಯಲ್ಲಿಯೂ ಕೇಳಿಯೆಂಬ ಹೆಸರೇ ಇದ್ದು, ಅದರ ಹಿಂದೆ ಬರುವ ‘ತೋಡಯ’ವನ್ನು ಎಳೆಯ ನಟರು ತೆರೆಯ ಹಿಂದೆಯೇ ಕುಣಿಯುವರು, ನೋಟಕರಿಗೆ ಕಾಣದ ಕುಣಿತ! ಇದನ್ನು ನೋಡಿದರೆ ಭರತನು ಒಂಬತ್ತು ಅಂಗಗಳನ್ನು ತೆರೆಯ ಒಳಗೇಕೆ ಇಟ್ಟನೆಂಬುದು ಸ್ವಲ್ಪ ಮನಸ್ಸಿಗೆ ಹೊಳೆಯುತ್ತದೆ.

ಯಕ್ಷಗಾನದ ಪೂರ್ವರಂಗವು ಘಟ್ಟವನ್ನು ಹತ್ತಿ ದೂರ ಹೋದದ್ದೂ ಉಂಟು. ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳವು ಸಾಂಗಲಿಯಲ್ಲಿ ಆಟವಾಡಿದುದನ್ನು ನೋಡಿದ ಅಲ್ಲಿನ ಸಂಸ್ಥಾನಿಕರು ಮರಾಠಿಯಲ್ಲಿಯೂ ಅಂಥದನ್ನು ರಚಿಸೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರೆಂಬುದನ್ನೂ, 1843ರಲ್ಲಿ ‘ಸೀತಾಸ್ವಯಂವರ’ವು ಹಾಗೆ ಹುಟ್ಟಿತೆಂಬುದನ್ನೂ ಮರಾಠಿ ರಂಗಭೂಮಿಯ ಚರಿತ್ರಕಾರರು ಒಪ್ಪಿರುವರು. ಭಾವೆಯವರ ನಾಟಕಗಳಲ್ಲಿ ಸೂತ್ರಧಾರನ ಹಾಡು, ವಿದೂಷಕ, ಗಣಪತಿ, ಸರಸ್ವತಿ ಇವರೆಲ್ಲ ಮೊದಲು ಬಂದುಹೋದ ಮೇಲೆಯೇ ಕಥೆ. ಮುಂದೆ 1880ರಲ್ಲಿ ಕಿರ್ಲೋಸ್ಕರರ ಸಂಗೀತ ಶಾಕುಂತಲವು ಬಂದಾಗ ಇವರೆಲ್ಲರ ಸ್ಥಾನದಲ್ಲಿ ಉಳಿದದ್ದು ಸಾಮೂಹಿಕ ನಾಂದಿಗೀತವೂ ಸೂತ್ರಧಾರ ನಟಿಯರ ಸಂವಾದವೂ ಮಾತ್ರ. 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿಯೇ ಮೊದಲಾಗಿ ನಮ್ಮ ನಾಟಕಮಂಡಲಿಗಳಲ್ಲಿಯೂ ನಾಂದಿಗೀತದ ಪದ್ಧತಿಯೇ ರೂಢವಾಯಿತು. ಆಮೇಲೆ ಅದೂ ಹೋಗಿ ಮೂರನೆಯ ಗಂಟೆಯ ಶಬ್ದವೊಂದೇ ಉಳಿಯಿತು. ವಿಶ್ವನಾಥನ ಕಾಲದಲ್ಲಿ ಸಂಸ್ಕೃತರಂಗಕ್ಕೆ ಆದದ್ದೇ ಕೆಲವೇ ದಶಕಗಳೊಳಗೆ ಇಲ್ಲಿಯೂ ಆಯಿತು.

ಈಗ ಬಯಲಾಟದ ಸರದಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸುವ ನಿಯಮಗಳು 2000ದಲ್ಲಿ ಬಂದವು. ಅದಕ್ಕೂ ಮೊದಲೇ ಮರುದಿನದ ಉದ್ಯೋಗದ ಚಿಂತೆಯುಳ್ಳ ನೋಟಕರು ನಡುರಾತ್ರಿಗೆ ಏಳತೊಡಗಿದ್ದರು. ಮೂರು ನಾಲ್ಕು ಗಂಟೆಗಳ ‘ಕಾಲಮಿತಿ’ಯ ಆಟವು ಹೀಗೆ ನೆಲೆಯೂರಿತು. ಇದನ್ನು ನಾನು ಅಪರಾಧವೆನ್ನುವುದಿಲ್ಲ; ಬೇಸತ್ತವನಿಗೆ ರಸವಿಲ್ಲವೆಂದು ಭರತನೇ ಹೇಳಿರುವಾಗ, ತೂಕಡಿಸುವವರ ಮುಂದೆ ಬೆಳಗಿನವರೆಗೆ ಆಡಿದರೇ ಪುಣ್ಯವೆನ್ನುವುದು ಸರಿಯಲ್ಲ. ಪೂರ್ವರಂಗವನ್ನು ಸಂಕ್ಷೇಪಿಸುವುದಕ್ಕೆ ಶಾಸ್ತ್ರದ ಒಪ್ಪಿಗೆಯುಂಟು. ಆದರೆ ಕಾಲಮಿತಿಯ ಆಟಗಳಲ್ಲಿ ಅನೇಕ ಕಡೆ ನಡೆಯುತ್ತಿರುವುದು ಸಂಕ್ಷೇಪವಲ್ಲ. ಗಣಪತಿಸ್ತುತಿಯೊಂದನ್ನು ಹಾಡಿ ನೇರವಾಗಿ ಪ್ರಸಂಗಕ್ಕಿಳಿಯುವರು. ‘ನಾಟ್ಯವಸ್ತುವಿಗೆ ಮುಂಚೆ, ವಿಘ್ನಶಾಂತಿಗಾಗಿ’ ಎಂಬ ಅರ್ಥವನ್ನೇ ಅವರು ಹಿಡಿದಿದ್ದಾರೆ. ವಿಘ್ನಶಾಂತಿಗೆ ಒಂದು ಹಾಡು ಸಾಕು. ವಿಶ್ವನಾಥನನ್ನು ಓದದೆಯೇ ಅವನ ಲಕ್ಷಣವನ್ನು ಆಚರಣೆಗೆ ತಂದಂತಾಗಿದೆ.

ಹೀಗೆ ತೆಗೆದುಹಾಕಿದ್ದು ದೇವರ ಸ್ತುತಿಯನ್ನಲ್ಲ, ಹುಡುಗರನ್ನು. ಮೇಳಕ್ಕೆ ಸೇರಿದವನು ಮೊದಲ ವರ್ಷ ಕೋಡಂಗಿಯಾಗಿ, ಕೆಲವು ವರ್ಷ ಬಾಲಗೋಪಾಲನಾಗಿ, ಪ್ರತಿ ರಾತ್ರಿಯೂ ನಿಜವಾದ ಚೆಂಡೆಗೆ, ನಿಜವಾದ ನೋಟಕರೆದುರು ಕುಣಿದು, ತಪ್ಪಿ, ಮರುರಾತ್ರಿ ತಿದ್ದಿಕೊಳ್ಳುತ್ತಿದ್ದನು. ಆ ಹೊತ್ತಿನ ನೋಟಕರೆಂದರೆ ಚಾಪೆ ಹಾಸಿ ಜಾಗ ಹಿಡಿಯಲು ಬಂದ ಮಕ್ಕಳು, ಅಜ್ಜಿಯರು; ಅವರು ಕಠಿಣ ಪರೀಕ್ಷಕರಲ್ಲ. ಎಡವಿದ ಕಾಲಿಗೆ ಕ್ಷಮೆ ದೊರೆಯುವ ಒಂದೆರಡು ಗಂಟೆಗಳನ್ನು ಆಟವು ತನ್ನೊಳಗೇ ಇಟ್ಟುಕೊಂಡಿತ್ತು. ಭಾಗವತಿಕೆ, ಮದ್ದಳೆಗಾರಿಕೆಗಳಿಗೂ ಅದೇ ಮಾತು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಪಾಠ ಹೇಳಿದವನು. ಇಷ್ಟು ಕಡಮೆ ಖರ್ಚಿನ, ಇಷ್ಟು ಚೆನ್ನಾದ ಪಾಠಶಾಲೆಯನ್ನು ಬೇರೆಲ್ಲಿಯೂ ಕಂಡಿಲ್ಲ.

ಅದಕ್ಕೆ ಬದಲಾಗಿ ತರಬೇತಿ ಕೇಂದ್ರಗಳು ಉಂಟಲ್ಲವೆ ಎಂದು ಕೇಳಬಹುದು. ಉಡುಪಿಯ ಯಕ್ಷಗಾನ ಕೇಂದ್ರದಂಥ ಸಂಸ್ಥೆಗಳು ಮಾಡಿರುವ ಕೆಲಸವು ಸಾಮಾನ್ಯವಾದದ್ದಲ್ಲ. ಈಗ ಶಾಲೆಗಳ ಹುಡುಗ ಹುಡುಗಿಯರೂ ಕಲಿಯುತ್ತಿದ್ದಾರೆ; ಹಿಂದೆ ಬಾಗಿಲೇ ಇಲ್ಲದಿದ್ದ ಹೆಣ್ಣುಮಕ್ಕಳಿಗೆ ಇದರಿಂದ ಬಾಗಿಲು ತೆರೆಯಿತು. ಅವರು ವಾರ್ಷಿಕೋತ್ಸವಗಳಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ಅರ್ಧ ಗಂಟೆಯಲ್ಲಿ ಅಂದವಾಗಿ ಕುಣಿದು ತೋರಿಸುವರು. ಕರಪತ್ರದಲ್ಲಿ ಅದಕ್ಕೆ ‘ಪೂರ್ವರಂಗ ಪ್ರದರ್ಶನ’ವೆಂದು ಅಚ್ಚಾಗಿರುತ್ತದೆ. ಮೇಳದಲ್ಲಿ ಪೂರ್ವರಂಗವಿಲ್ಲದ ಆಟ, ಶಾಲೆಯಲ್ಲಿ ಆಟವಿಲ್ಲದ ಪೂರ್ವರಂಗ. ಒಂದೇ ಹಗಲಿನ ಪೂರ್ವಾಹ್ಣವನ್ನು ಒಂದು ಊರಿನವರೂ ಅಪರಾಹ್ಣವನ್ನು ಮತ್ತೊಂದು ಊರಿನವರೂ ಹಂಚಿಕೊಂಡಂತಾಯಿತು.

ಇವೆರಡನ್ನು ಕೂಡಿಸುವುದು ಅಸಾಧ್ಯವೆಂದು ನನಗೆ ತೋರುವುದಿಲ್ಲ. ಸಂಜೆ ಆರು ಗಂಟೆಗೆ ಆಟವಿಟ್ಟುಕೊಳ್ಳುವವರು ಐದಕ್ಕೆ ಕೇಳಿ ಹೊಡೆಸಿ, ಊರಿನ ಶಾಲೆಯಲ್ಲಿ ಕಲಿತ ಮಕ್ಕಳನ್ನೇ ಮೇಳದ ಚೆಂಡೆ ಮದ್ದಳೆಗಳಿಗೆ ಕೋಡಂಗಿ ಬಾಲಗೋಪಾಲರಾಗಿ ಕುಣಿಸಬಹುದು. ಮೇಳಕ್ಕೆ ನಾಳೆಯ ವೇಷಧಾರಿ ದೊರೆಯುವನು. ಮಗುವಿಗೆ ನಿಜವಾದ ರಂಗಸ್ಥಳ ದೊರೆಯುವುದು. ಆದರೆ ಕರಪತ್ರವನ್ನು ಅಚ್ಚುಹಾಕಿಸುವವರು ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ‘5 ಗಂಟೆಗೆ ಪೂರ್ವರಂಗ, 6 ಗಂಟೆಗೆ ಆಟ ಆರಂಭ’ ಎಂದು ಬರೆಯಿಸದೆ, ‘5 ಗಂಟೆಗೆ ಆಟ ಆರಂಭ’ ಎಂದು ಬರೆಯಿಸತಕ್ಕದ್ದು.